ಕೈಯಾಗಿನ ರೊಕ್ಕ, ಕಾಗದದಾಗಿನ ಬೆಲೆ

ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೇಟೆ ಭಾಗದಲ್ಲಿ ಬೀಗ ಬಿದ್ದ ಮನೆಗಳಿಗೆ ಕೊರತೆಯಿಲ್ಲ. ಅಪ್ಪ-ಅವ್ವ ತೀರಿಕೊಂಡಿದ್ದಾರೆ, ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆ ಹಿಡಿದಿದ್ದಾರೆ. ಮಣ್ಣಿನ ಮಾಳಿಗೆಯ ಮನೆ ಯಾರಿಗೂ ಕಾಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಕರ್ಲು ಮಣ್ಣು ಹಾಕಿಸಬೇಕು. ಎರಡು ವರ್ಷ ತಪ್ಪಿದರೆ ಸೋರುತ್ತದೆ, ಮೂರನೆಯ ವರ್ಷ ಜಂತಿಗೆ ಗೆದ್ದಲು ಹತ್ತುತ್ತದೆ, ಆಮೇಲೆ ಒಂದು ಜಡಿಮಳೆಗೆ ಗೋಡೆ ಬಾಯಿ ಬಿಡುತ್ತದೆ. ಅಷ್ಟರಲ್ಲಿ ದಲ್ಲಾಳಿಯ ಫೋನು ಬರುತ್ತದೆ: "ಹೆಂಗೈತಿ ಹಂಗ ತಗೋತೀವ್ರಿ, ರೊಕ್ಕ ಕೈಯಾಗ. ಕಾಗದಪತ್ರ ಆಮ್ಯಾಲ ನೋಡಿದ್ರಾತು."

ಈ ಪದ್ಧತಿಯನ್ನು ಸಾರಾಸಗಟಾಗಿ ಬೈಯುವುದು ನನಗೆ ಸರಿಕಾಣುವುದಿಲ್ಲ. ಬೀಳುತ್ತಿರುವ ಮನೆಯನ್ನು ಬೇಗ ಮಾರುವುದರಲ್ಲಿ ತಪ್ಪಿಲ್ಲ. ಪಕ್ಕದ ಮನೆಯವರ ಮೇಲೆ ಗೋಡೆ ಬಿದ್ದರೆ ಹೊಣೆ ಯಾರದು? ಊರಲ್ಲಿಲ್ಲದ ಮಕ್ಕಳಿಗೆ ಸಿಕ್ಕ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು ಅನ್ನಿಸುವುದೂ ಸಹಜ. ನನ್ನ ತಕರಾರು ಬೇಗ ಮಾರುವ ಬಗ್ಗೆ ಅಲ್ಲ, ಕಡಿತದ ಬಗ್ಗೆ. ಮನೆ ಹಳತಾಗಿದೆ ಎಂದು ಬೆಲೆ ಇಳಿಸುತ್ತಾರಲ್ಲ, ಅದು ನಿಜವಾಗಿ ಯಾವುದರ ಕಡಿತ?

ಮನೆ ನೋಡಲು ಬಂದವನನ್ನು ಗಮನಿಸಿ. ಹೆಜ್ಜೆ ಹಾಕಿ ಮುಂಭಾಗದ ಅಗಲ ಅಳೆಯುತ್ತಾನೆ. ಪಡಸಾಲೆಯ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ ಸಪ್ಪಳ ಕೇಳುತ್ತಾನೆ. ತೊಲೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಾನೆ. ತಲೆಬಾಗಿಲ ಚೌಕಟ್ಟಿನ ಕೆತ್ತನೆಯ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಾನೆ. ಬೆಟಗೇರಿಯ ನೇಕಾರರ ಮನೆಯಾದರೆ ಮಗ್ಗದ ಕುಣಿ ಕಂಡು "ಇದನ್ನ ಮುಚ್ಚಾಕ ಖರ್ಚೈತಿ" ಎಂದು ಇನ್ನಷ್ಟು ಇಳಿಸುತ್ತಾನೆ. ಕೊನೆಗೆ ಹೇಳುವುದು ಒಂದೇ: "ಮನಿಗೇನೂ ಕಿಮ್ಮತ್ತಿಲ್ರಿ, ಜಾಗಾಕ್ಕಷ್ಟ." ಮನೆ ಕೆಡವಿದ ಮರುದಿನ ಆ ಸಾಗವಾನಿ ತೊಲೆ, ಕಂಬ, ಬಾಗಿಲುಗಳು ಬೇರೆಯಾಗಿ ಮಾರಾಟವಾಗುತ್ತವೆ. ಮಾರಿದವರಿಗೆ ಅದರಲ್ಲಿ ಕಾಸೂ ಇಲ್ಲ.

ಕಡಿತದ ದೊಡ್ಡ ಪಾಲು ಮಾತ್ರ ಕಾಗದದ ತೊಡಕಿನದು. ಅಮೆರಿಕದಂಥ ಕಡೆ ಮನೆಯ ಯಜಮಾನ ಸತ್ತರೆ ಸಾಮಾನ್ಯವಾಗಿ ಮೃತ್ಯುಪತ್ರವನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಪ್ರೊಬೇಟ್ ಮುಗಿಯಲು ಕಾಯಬೇಕಾಗುತ್ತದೆ. ಆ ತೊಡಕಿನಲ್ಲಿರುವ ವಾರಸುದಾರರು ಅಮೆರಿಕದ ನಗದು ಖರೀದಿ ಕಂಪನಿಗಳಿಗೆ ಒಳ್ಳೆಯ ಗಿರಾಕಿಗಳು. 1996ರಲ್ಲಿ ಡಲ್ಲಾಸ್‌ನಲ್ಲಿ ಶುರುವಾದ ಹೋಮ್‌ವೆಸ್ಟರ್ಸ್ ಕಂಪನಿಯಂತೂ 'ಕುರೂಪಿ ಮನೆ ಕೊಳ್ಳುತ್ತೇವೆ' ಎಂಬ ಫಲಕಗಳಿಂದಲೇ ಹೆಸರಾಯಿತು. 2023ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಅದರ ಖರೀದಿ ವರಸೆಗಳನ್ನು ಬಯಲಿಗೆಳೆಯಿತು. ನಮ್ಮ ಜಿಲ್ಲೆಯಲ್ಲಿ ಹಿಂದೂ ಕುಟುಂಬದ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವಲ್ಲ. ಹಾಗೆಂದು ದಾರಿ ಸುಲಭವೇನಲ್ಲ. ಉತಾರ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ವಾರಸಾ, ಸಿಟಿ ಸರ್ವೆ, ನಗರಸಭೆ ಅಥವಾ ಪುರಸಭೆ, ಹಳ್ಳಿಯಾದರೆ ಪಂಚಾಯ್ತಿಯ ಇ-ಸ್ವತ್ತು. ಹಳೆಯ ದಾಖಲೆಗಳೂ ಊರಿಗೊಂದು ಬಗೆ: 1948ರವರೆಗೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಗದಗ ನೇರ ಮುಂಬಯಿ ಪ್ರಾಂತದ್ದು. ಟ್ರಂಕಿನ ತಳದಲ್ಲಿ ಹಳೆಯ ಮೋಡಿ ಲಿಪಿಯ ಖರೀದಿ ಪತ್ರ ಸಿಕ್ಕರೆ ಅದನ್ನು ಓದುವವರನ್ನೇ ಹುಡುಕಬೇಕು.

2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಸತ್ತವರ ಹೆಸರಿನ ಮನೆಯನ್ನು ಬದುಕಿದ್ದವರು ಬರೆದುಕೊಡುವ ಹಳೆಯ ಚಾಲಾಕಿಗೆ ಇದರಿಂದ ತಡೆ ಬಿತ್ತು, ಒಳ್ಳೆಯದೇ. ಆದರೆ ದಲ್ಲಾಳಿ ಅದಕ್ಕೂ ಉಪಾಯ ಕಂಡುಕೊಂಡಿದ್ದಾನೆ: ನೂರು ರೂಪಾಯಿ ಬಾಂಡಿನ ಮೇಲೆ ಸಂಚಕಾರ ಪತ್ರ, ಒಂದಿಷ್ಟು ನಗದು, ಕೀಲಿ ಕೈಗೆ. ಸ್ವಾಧೀನ ಕೊಟ್ಟ ಸಂಚಕಾರಕ್ಕೆ ಕರ್ನಾಟಕದ ಕಾನೂನು ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಕೇಳುತ್ತದೆ. ಕಟ್ಟದಿದ್ದರೆ ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಹಾಜರು ಮಾಡಲು ಹತ್ತು ಪಟ್ಟಿನವರೆಗೆ ದಂಡ. ಮನೆ ಜಾಗದ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡವನ್ನು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಗಮನಿಸಿ, ಕೊಟ್ಟವನಿಗಲ್ಲ.

ಇನ್ನು ಅಕ್ಕ-ತಂಗಿಯರ ಸಹಿ. ಹೆಣ್ಣುಮಕ್ಕಳ ಪಾಲು 2005ರಲ್ಲಿ ಬಂತು ಎಂಬುದು ನಮ್ಮಲ್ಲಿ ಕಟ್ಟೆ ಮಾತು. ಪಿತ್ರಾರ್ಜಿತದ ಮಟ್ಟಿಗೆ ಅದು ಸರಿ. ನಮ್ಮ ರಾಜ್ಯ 1994ರಲ್ಲೇ ಅರ್ಧ ದಾರಿ ನಡೆದಿತ್ತು, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಉಳಿದ ಸಂಶಯ ತೀರಿಸಿತು. ಅಪ್ಪ ಸ್ವಂತ ದುಡಿದು ಕಟ್ಟಿಸಿದ ಮನೆಯಲ್ಲಿ, ಅವನು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ, ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ಆದರೆ ಅದೇ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೇ ಕಲಮು ವಿಚಿತ್ರವಾಗಿತ್ತು: ಕುಟುಂಬ ವಾಸಿಸುವ ಮನೆಯಲ್ಲಿ ಪಾಲು ಇದ್ದರೂ, ಗಂಡಸರು ವಾಟ್ನಿ (ಪಾಲು ವಿಂಗಡಣೆ) ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಟ್ನಿ ಕೇಳುವಂತಿರಲಿಲ್ಲ. 2005ರಲ್ಲಿ ಆ ಕಲಮು ಹೋಯಿತು. ಪಡಸಾಲೆಯ ಮಾತುಕತೆಯಿಂದ ಮಾತ್ರ ಅದು ಇನ್ನೂ ಹೋಗಿಲ್ಲ. ಬೆಲೆ ಮಾತಾಡಲು ಅಣ್ಣ ಕೂರುತ್ತಾನೆ, ತಂಗಿಗೆ ಫೋನು ಬರುವುದು ಕೊನೆಗೆ: "ಯವ್ವಾ, ನಾಳೆ ಸಹಿಗೆ ಬಾ. ನಿನಗ ಅರಿಷಿಣ-ಕುಂಕುಮಕ್ಕ ಏನರ ಕೊಡ್ತೀವಿ." ತವರು ಕಳಕೊಳ್ಳುವ ಅಂಜಿಕೆಗೆ ಆಕೆ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟನ್ನೋ ಸಹಿಯನ್ನೋ ಒತ್ತುತ್ತಾಳೆ. ಆ ಮನೆಗೆ ತವರಾಗಿ ಉಳಿಯುವ ಆಯುಷ್ಯ ಇನ್ನು ಒಂದು ವಾರ, ಬುಲ್ಡೋಜರ್ ಬರುವವರೆಗೆ.

ಪಾಲು ಕೊಡುವವರೂ ಇದ್ದಾರೆ. ನಗದಿನ ಕೈಚಳಕ ಕಾಣುವುದು ಅವರಲ್ಲೇ. ಉದಾಹರಣೆಗೆ ಮಾತಾಡಿದ ಬೆಲೆ 12 ಲಕ್ಷ ಇರಲಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರಕ್ಕೆ 7 ಲಕ್ಷ ಆಗುತ್ತದೆ ಅನ್ನೋಣ. ಪತ್ರದಲ್ಲಿ 7 ಬರೆದು ಉಳಿದ 5 ಲಕ್ಷ ಚೀಲದಲ್ಲಿ. ವಾರಸುದಾರರು ನಾಲ್ವರು: ಇಬ್ಬರು ಅಣ್ಣ-ತಮ್ಮಂದಿರು, ಇಬ್ಬರು ಅಕ್ಕ-ತಂಗಿಯರು. ಪತ್ರ ನೋಡಿ ಪಾಲು ಹಂಚಿದರೆ ತಂಗಿಗೆ 1.75 ಲಕ್ಷ. ನ್ಯಾಯವಾಗಿ ಬರಬೇಕಾದದ್ದು 3 ಲಕ್ಷ. ಚೀಲದ ಲೆಕ್ಕ ಕೇಳಲು ಆಕೆಯ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

"ಟ್ಯಾಕ್ಸ್ ಉಳೀತದ" ಎಂಬುದು ಇದಕ್ಕೆ ಕೊಡುವ ಕಾರಣ. ಯಾರಿಗೆ? ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ದುಪ್ಪಟ್ಟಾದ ನೋಂದಣಿ ಶುಲ್ಕ 2, ಎಲ್ಲ ಕೂಡಿ ಸುಮಾರು 7.6. ಮುಚ್ಚಿಟ್ಟ 5 ಲಕ್ಷಕ್ಕೆ ಉಳಿಯುವುದು 38,000 ರೂಪಾಯಿ, ಅದೂ ಕೊಂಡವನಿಗೆ. ಮಾರುವವರ ಮೇಲಿನ ಲಾಭದ ತೆರಿಗೆಯಲ್ಲಿ ಹಳೆಯ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲಾಗಿ ಹಿಡಿಯಬಹುದು, ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಇದೆ, ನಾಲ್ಕು ಪಾಲಾದ ಮೇಲೆ ತಲೆಗೆ ಬರುವ ಲಾಭವೂ ಚಿಕ್ಕದು. ಇಂಥ ಮನೆಗಳಲ್ಲಿ ಹೆದರುವಷ್ಟು ತೆರಿಗೆ ಬಹಳ ಸಲ ಬರುವುದೇ ಇಲ್ಲ.

ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆದು, ನಾಲ್ವರ ಹೆಸರಿಗೂ ಬೇರೆ ಬೇರೆ ಡಿಡಿ ತೆಗೆಸಿದರೆ ಕೊಳ್ಳುವವನು ಒಪ್ಪುವುದಿಲ್ಲ ಎನ್ನುತ್ತಾರೆ. ಒಪ್ಪದಿದ್ದರೆ ಅವನ ಆ 38,000ವನ್ನು ಬೆಲೆಯಲ್ಲೇ ಮುರಿದುಕೊಡಿ. 11,62,000 ರೂಪಾಯಿ, ತಲೆಗೆ 2,90,500. ತಂಗಿಗೆ ಒಂದು ಲಕ್ಷಕ್ಕೂ ಮಿಕ್ಕಿ ಹೆಚ್ಚು. ಕೊಂಡವನಿಗೆ ನಷ್ಟವಿಲ್ಲ. ಕಡಿಮೆಯಾಗುವುದು ಅಣ್ಣ-ತಮ್ಮಂದಿರಿಗೆ: ಚೀಲ ಹಂಚಿಕೊಂಡಿದ್ದರೆ ತಲೆಗೆ 4.25 ಲಕ್ಷ ಬರುತ್ತಿತ್ತು. "ನಗದ ಇದ್ರ ಅಷ್ಟ ವ್ಯವಹಾರ" ಎಂಬ ಮಾತು ಎಷ್ಟು ಸಲ ಕೊಳ್ಳುವವನದು, ಎಷ್ಟು ಸಲ ಮನೆಯವರದೇ ಎಂದು ದಲ್ಲಾಳಿಗಳನ್ನು ಚಹಾ ಕುಡಿಸಿ ಕೇಳಿನೋಡಬೇಕು.