ಮಳೆಯ ಬೆನ್ನು ಹತ್ತಿ ನಿದ್ದೆಗೆಟ್ಟು

ಮುಂಗಾರು ಬಲಿಯುತ್ತಿದ್ದಂತೆ ಬೆಂಗಳೂರಿನ ಬಾಣಸವಾಡಿ, ಕಮ್ಮನಹಳ್ಳಿ ಕಡೆಯ ಹುಡುಗರಲ್ಲಿ ಒಂದು ರೂಢಿ ಕಾಣುತ್ತದೆ. ಮಲೆನಾಡಿಗೆ ರೆಡ್ ಅಲರ್ಟ್ ಬಂತೆಂದರೆ, ಅಂದರೆ ಒಂದೇ ದಿನ 204.5 ಮಿ.ಮೀ. ಮುಟ್ಟುವ ಮಳೆ ಬರಬಹುದೆಂದು ಹವಾಮಾನ ಇಲಾಖೆ ಹೇಳಿದರೆ, ಶುಕ್ರವಾರ ರಾತ್ರಿಯೇ ಕಾರು ರಿಂಗ್ ರೋಡ್ ಹತ್ತುತ್ತದೆ. ತುಮಕೂರು, ಅರಸೀಕೆರೆ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ: ಸುಮಾರು 350 ಕಿ.ಮೀ. ಬೆಳಕು ಹರಿಯುವಾಗ ಮಳೆಯೊಳಗೆ ಇರಬೇಕು ಎಂಬುದು ಹಟ.

ಆ ಆಸೆ ನನಗೆ ಇಷ್ಟ. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಊರನ್ನು ಮಳೆಗಾಲದಲ್ಲೇ ನೋಡಬೇಕು. ನನ್ನ ತಕರಾರು ಹೋಗುವ ರೀತಿಯ ಬಗ್ಗೆ, ಅದರಲ್ಲೂ ನಿದ್ದೆಯನ್ನು ಹತ್ತಿಕ್ಕಲು ನಾವು ನಂಬಿಕೊಂಡಿರುವ ಉಪಾಯಗಳ ಬಗ್ಗೆ.

ಎಲ್ಲರೂ ದಣಿವಿನ ಲೆಕ್ಕವನ್ನು ಕಾರು ಹೊರಟ ಗಳಿಗೆಯಿಂದ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಬೆಳಿಗ್ಗೆ ಎದ್ದ ಗಳಿಗೆಯಿಂದ. ಆರು ಗಂಟೆಗೆ ಎದ್ದು, ದಿನವೆಲ್ಲ ಆಫೀಸಿನಲ್ಲಿ ದುಡಿದು, ರಾತ್ರಿ ಹನ್ನೊಂದಕ್ಕೆ ಸ್ಟಿಯರಿಂಗ್ ಹಿಡಿದವನು ಆಗಲೇ 17 ಗಂಟೆ ಎಚ್ಚರವಾಗಿದ್ದಾನೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ಪರೀಕ್ಷಿಸಿ ನೋಡಿದ್ದು ಇದನ್ನೇ: ಅಷ್ಟು ಹೊತ್ತು ಎಚ್ಚರವಿದ್ದವರ ಕೈಕಣ್ಣುಗಳ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಕಾನೂನು ಒಪ್ಪುವುದು 30 ಮಿ.ಗ್ರಾಂ. ಒಂದು ಹನಿ ಕುಡಿಯದ ಹುಡುಗ ಹೆಬ್ಬಾಳ ದಾಟುವ ಮೊದಲೇ ಕುಡಿದವನಷ್ಟು ಮಂದವಾಗಿರುತ್ತಾನೆ.

ಮುಂದಿನದು ಇನ್ನೂ ಕಷ್ಟದ ಹೊತ್ತು. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹ ನಿದ್ದೆಯನ್ನೇ ಬೇಡುತ್ತದೆ. ಆಗ ಕಾರು ಅರಸೀಕೆರೆ, ಕಡೂರು, ತರೀಕೆರೆಗಳ ನೇರ ರಸ್ತೆಯಲ್ಲಿರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಜೊಂಪು ಹತ್ತಿದರೆ ಕಾರು 65 ಮೀಟರಿಗೂ ಹೆಚ್ಚು ದೂರ ಚಾಲಕನಿಲ್ಲದೆ ಓಡುತ್ತದೆ. ಇದನ್ನು ದಾಟಿ ಬಂದವನಿಗೆ ಆಮೇಲೆ ಸಿಗುವುದು ತೀರ್ಥಹಳ್ಳಿ ಕಡೆಯ ಒದ್ದೆ ತಿರುವುಗಳು, ಉಡುಪಿಯತ್ತ ಇಳಿದರೆ ಘಾಟಿಯ 14 ಕಡಿದಾದ ತಿರುವುಗಳು.

ಈಗ ಉಪಾಯಗಳ ವಿಚಾರ. ಗಾಜು ಇಳಿಸಿ ತಣ್ಣನೆ ಗಾಳಿಗೆ ಮುಖವೊಡ್ಡುವುದು, ಹಾಡು ಜೋರಾಗಿ ಹಾಕುವುದು: ಇಂಗ್ಲೆಂಡಿನ ಲಫ್‌ಬರೋದಲ್ಲಿ ರೇನರ್ ಮತ್ತು ಹಾರ್ನ್ ಇವೆರಡನ್ನೂ ಪರೀಕ್ಷಿಸಿದರು, ಸಿಕ್ಕ ಪ್ರಯೋಜನ ಅಲ್ಪ, ಅದೂ ಸ್ವಲ್ಪ ಹೊತ್ತಿನದು. ಸುರಿವ ಮಳೆಯಲ್ಲಿ ಗಾಜು ಇಳಿಸುವಂತೆಯೂ ಇಲ್ಲ. ಡಾಬಾದಲ್ಲಿ ಹೊಟ್ಟೆ ಬಿರಿಯೆ ಉಣ್ಣುವುದರಿಂದ ನಿದ್ದೆ ಇನ್ನಷ್ಟು ಹತ್ತಿರವಾಗುತ್ತದೆ. ಚಾಲಕರನ್ನು ಬದಲಿಸುವುದು ಒಳ್ಳೆಯದೇ, ಆದರೆ ಹಿಂದಿನ ಸೀಟಿನವನು ನಿಜವಾಗಿ ಮಲಗಿದ್ದರೆ ಮಾತ್ರ. ನಮ್ಮ ಕಾರುಗಳಲ್ಲಿ ಎರಡು ಗಂಟೆಯವರೆಗೆ ಹರಟೆ ಹೊಡೆದು, ಆಮೇಲೆ ಎಲ್ಲರೂ ಒಟ್ಟಿಗೇ ತೂಕಡಿಸುತ್ತಾರೆ.

ಕಾಫಿಗೆ ಸ್ವಲ್ಪ ಹೆಚ್ಚು ಮಾತು ಸಲ್ಲಬೇಕು. ಕುಡಿದ ಕೂಡಲೇ ಕೆಫೀನ್ ಕೆಲಸ ಮಾಡುವುದಿಲ್ಲ; ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ನಾವು ಲೋಟ ಇಟ್ಟವರೇ ಕಾರು ಹತ್ತಿ, ಕಾಫಿ ಕಾವಲಿದೆ ಎಂಬ ಧೈರ್ಯದಲ್ಲಿ ಅತಿ ಅಪಾಯದ ಅರ್ಧ ಗಂಟೆ ಓಡಿಸುತ್ತೇವೆ. ರೇನರ್ ಮತ್ತು ಹಾರ್ನ್ ಅವರೇ 1997ರಲ್ಲಿ ತೋರಿಸಿದ ದಾರಿ ಬೇರೆ: ಕಾಫಿ ಕುಡಿದು, ಕಾರು ನಿಲ್ಲಿಸಿ, 15 ನಿಮಿಷ ಕಣ್ಣು ಮುಚ್ಚಿ, ಎದ್ದು ಹೊರಡುವುದು. ಎಲ್ಲ ಉಪಾಯಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ. ಇದರ ಬಲವೂ ಒಂದೆರಡು ಗಂಟೆಯದು. ಇಡೀ ರಾತ್ರಿಗೆ ಸಾಲದು. "ಇನ್ನೊಂದು ಸ್ವಲ್ಪ ದೂರ ಅಷ್ಟೇ ಮಗಾ" ಎನ್ನುವ ಗೆಳೆಯನ ಮಾತಿಗೆ ಅಲ್ಲಿ ಬೆಲೆ ಕೊಡಬಾರದು.

ಸಂಬಳಕ್ಕೆ ಬಸ್ಸು ಓಡಿಸುವವರಿಗೆ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು; ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಿತ್ತು. ಸ್ವಂತ ಕಾರಿನವನಿಗೆ ಅಂಥ ರಕ್ಷಣೆಯಿಲ್ಲ. ಭಾನುವಾರ ಸಂಜೆಯ ವಾಪಸು ಪ್ರಯಾಣದಲ್ಲಿ ಎರಡು ರಾತ್ರಿಯ ನಿದ್ದೆಯ ಸಾಲವೂ ಜೊತೆಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಕಾನ್ಸಸ್‌ನಲ್ಲಿ ಬಿರುಗಾಳಿಯ ಬೆನ್ನು ಹತ್ತಿ ರಾತ್ರಿ ಮರಳುವಾಗ ತೀರಿಕೊಂಡರು. ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿ, ಲಾರಿ ಬಡಿದಿತ್ತು. ಅಲ್ಲಿ ಜಾರಿಸಿದ್ದು ನೀರು. ಅಂಥದ್ದೇ ಒದ್ದೆ ರಸ್ತೆಗೆ ನಾವು ನಿದ್ದೆಗೆಟ್ಟ ಕಣ್ಣನ್ನೂ ಒಯ್ಯುತ್ತಿದ್ದೇವೆ.

ಪ್ರವಾಸ ಲೇಖಕ ಅಲೆಕ್ಸಾಂಡರ್ ಫ್ರೇಟರ್ 1987ರಲ್ಲಿ ಕೇರಳದಿಂದ ಚಿರಾಪುಂಜಿಯವರೆಗೆ ಮುಂಗಾರನ್ನು ಹಿಂಬಾಲಿಸಿದಾಗ ಅದಕ್ಕೆ ವಾರಗಟ್ಟಲೆ ಕೊಟ್ಟಿದ್ದ. ನಾವು ವಾರಾಂತ್ಯವೊಂದರಲ್ಲಿ ಮುಗಿಸಲು ಹೋಗಿ, ಆಗುಂಬೆ ತಲುಪಿದ ಮೇಲೆ ಕಾರಿನಲ್ಲೇ ನಿದ್ದೆಹೋಗಿ, ನೋಡಬಂದ ಮಳೆಯನ್ನೇ ನೋಡದೆ ಮರಳುತ್ತೇವೆ. ಹೀಗಾಗಿ ಶುಕ್ರವಾರ ರಾತ್ರಿಯ ಈ ರೂಢಿಯನ್ನು ಬಿಟ್ಟೇಬಿಡಬೇಕು ಎಂಬುದು ನನ್ನ ತೀರ್ಮಾನ. ಘಾಟಿಗೆ ರೆಡ್ ಅಲರ್ಟ್ ಇದ್ದ ದಿನ ಹೋಗುವುದೇ ಬೇಡ. ಮಿಕ್ಕ ದಿನ ಮನೆಯಲ್ಲಿ ಮಲಗಿ ಶನಿವಾರ ಬೆಳಕಾದ ಮೇಲೆ ಹೊರಡಿ, ಇಲ್ಲವೇ ಬಾಣಸವಾಡಿಗೆ ಹತ್ತಿರದಲ್ಲೇ ಇರುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರ್ಡೇಶ್ವರದ ರೈಲು ಹತ್ತಿ ಮಲಗಿ. ಅದು ಉಡುಪಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಆಗುಂಬೆಗೆ ಸುಮಾರು 55 ಕಿ.ಮೀ., ಬಸ್ಸುಗಳಿವೆ.