‘ರೆಲಿಕ್ಸ್’ ಎಂಬ ಗೀತಸಂಕಲನ

ಕವಿಯು ತಾನು ಬರೆದುದಕ್ಕೆ ಮಾತ್ರ ಹೊಣೆಗಾರನು. ಸಂಕಲನಕಾರನಾದರೋ ತಾನು ಬಿಟ್ಟುದಕ್ಕೂ ಹೊಣೆಗಾರನು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ಮೇಳದ ಮೊದಲ ವರ್ಷಗಳ ಗೀತಗಳನ್ನು ಆಯ್ದು, 1971ರಲ್ಲಿ ಅಗ್ಗದ ಬೆಲೆಗೆ ಹೊರಡಿಸಿದ ‘ರೆಲಿಕ್ಸ್’ ಎಂಬ ಗ್ರಾಮಫೋನ್ ತಟ್ಟೆಯನ್ನು ಈ ಒರೆಗೆ ಹಚ್ಚಿ ನೋಡುವುದು ಉಚಿತವಾಗಿದೆ. ‘ಅವಶೇಷಗಳು’ ಎಂದು ಆ ಹೆಸರಿನ ಅರ್ಥ.

ಇದರಲ್ಲಿರುವ ರಚನೆಗಳು 11. ಅವುಗಳಲ್ಲಿ ಐದು ಮೇಳದ ಹಿಂದಿನ ದೊಡ್ಡ ತಟ್ಟೆಗಳಿಂದ ತೆಗೆದವು. ಒಂದು ಅದುವರೆಗೆ ಹೊರಬಾರದಿದ್ದುದು. ಉಳಿದ ಐದು, ಬದಿಗೊಂದರಂತೆ ಎರಡೇ ಹಾಡುಗಳಿರುವ ಚಿಕ್ಕ ತಟ್ಟೆಗಳಲ್ಲಿ ಚದರಿಹೋಗಿದ್ದವು. ಇವನ್ನು ಒಂದೆಡೆ ಕೂಡಿಸಿದುದೇ ಈ ಸಂಕಲನದ ದೊಡ್ಡ ಉಪಕಾರ.

ಈ ಐದರ ಆಯ್ಕೆಯಲ್ಲಿ ಒಂದು ವಿಶೇಷವುಂಟು. 1967ರಲ್ಲಿ ಜನಮನ್ನಣೆ ಪಡೆದ ‘ಆರ್ನಾಲ್ಡ್ ಲೇನ್’, ‘ಸೀ ಎಮಿಲಿ ಪ್ಲೇ’ ಎಂಬಿವು ತಮ್ಮ ತಟ್ಟೆಗಳ ಮುಂಬದಿಯ ಹಾಡುಗಳು. ಅವುಗಳ ಬಳಿಕ ಬಂದ ಮೂರು ತಟ್ಟೆಗಳು ಇಂಗ್ಲೆಂಡಿನಲ್ಲಿ ಸೋತವು. ಅವುಗಳಿಂದ ಹಿಂಬದಿಯ ಹಾಡುಗಳನ್ನಷ್ಟೇ ಎತ್ತಿಕೊಂಡು ಮುಂಬದಿಯವನ್ನು ಕೈಬಿಡಲಾಗಿದೆ. ರಸದೃಷ್ಟಿಯಿಂದ ಇದು ಸರಿಯಾದ ತೀರ್ಪೇ. ‘ಜೂಲಿಯಾ ಡ್ರೀಮ್’ನ ಕನಸಿನಂತಹ ಮೆಲುದನಿಯೂ, ‘ಕೇರ್‌ಫುಲ್ ವಿತ್ ದಟ್ ಆಕ್ಸ್, ಯುಜೀನ್’ನಲ್ಲಿ ಪಿಸುದನಿಯಿಂದ ತೊಡಗಿ ಚೀತ್ಕಾರಕ್ಕೇರುವ ಭಯಾನಕ ರಸವೂ, ಮಾರಾಟವನ್ನು ನೆಚ್ಚಿ ಮುಂದಿಟ್ಟ ಹಾಡುಗಳಿಗಿಂತ ಹೆಚ್ಚು ಕಾಲ ಕಿವಿಯಲ್ಲಿ ನಿಲ್ಲತಕ್ಕವು.

ಆದರೆ ಚರಿತ್ರೆಯ ದೃಷ್ಟಿಯಿಂದ ನಮ್ಮ ಮನಸ್ಸು ಒಪ್ಪದು. ಬಿಟ್ಟ ಮೂರರಲ್ಲಿ ಒಂದಾದ ‘ಆಪಲ್ಸ್ ಅಂಡ್ ಆರೆಂಜಸ್’, ಮೇಳದ ಮೊದಲ ಮುಖ್ಯ ಗೀತಕಾರನಾದ ಸಿಡ್ ಬ್ಯಾರೆಟ್ಟನ ರಚನೆ. ಅದು ಹೊರಬಂದುದು 1967ರ ಕೊನೆಯಲ್ಲಿ. ಚಿತ್ತಸ್ವಾಸ್ಥ್ಯವು ಕದಡಿ ಆತನು 1968ರಲ್ಲಿ ಮೇಳವನ್ನು ಬಿಟ್ಟನು. ಸಂಕಲನವು ಆತನ ‘ಆರ್ನಾಲ್ಡ್ ಲೇನ್’ನಿಂದ ಮೊದಲಾಗಿ ಆತನ ‘ಬೈಕ್’ನಿಂದ ಮುಗಿಯುತ್ತದೆ. ಬಿಟ್ಟುಹೋದವನಿಗೆ ಆದಿಯನ್ನೂ ಅಂತ್ಯವನ್ನೂ ಮೀಸಲಿಟ್ಟ ಈ ಔದಾರ್ಯವು ಮೆಚ್ಚತಕ್ಕದ್ದು. ಆದರೂ ಇಲ್ಲಿ ಕೇಳಿಬರುವುದು ಆತನ ಗೆಲವಿನ ದನಿ ಮಾತ್ರ. ಎಡವಿದ ಹೆಜ್ಜೆಯ ಸಪ್ಪಳವಿಲ್ಲ. ಆ ಪ್ರತಿಭೆ ಎಷ್ಟು ಬೇಗ ದಣಿಯಿತೆಂಬುದನ್ನು ಈ ತಟ್ಟೆಯೊಂದನ್ನೇ ಕೇಳಿದವರು ಅರಿಯಲಾರರು.

‘ಅವಶೇಷ’ವೆಂದು ಹೆಸರಿಟ್ಟ ಮೇಲೆ ಭಗ್ನವಾದುದಕ್ಕೂ ಎಡೆಯಿರಬೇಕಾಗಿತ್ತು. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ, ಆ ಮೇಳದ ಎಳೆಯ ದಿನಗಳನ್ನು ಅರಿಯಬಯಸುವ ಸಹೃದಯರು ಮೊದಲು ಇದನ್ನೇ ಕೇಳಲಿ. ಕೇಳಿದ ಮೇಲೆ, ಬಿಟ್ಟುದನ್ನೂ ಹುಡುಕಿಕೊಂಡು ಹೋಗಲಿ.