ಹಳೆಯ ಹಾಡು, ಹೊಸ ಕೊರಳು

ಹಾಡಿದವನು ತೀರಿಕೊಂಡ ಮೇಲೆ ಹಾಡು ಯಾರ ಸೊತ್ತು? ನಮ್ಮ ಸಂಗೀತಸಭೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ತ್ಯಾಗರಾಜರ ಕೃತಿಯನ್ನು ನಿನ್ನೆ ಒಬ್ಬರು ಹಾಡಿದರು, ಇಂದು ಮತ್ತೊಬ್ಬರು ಹಾಡುತ್ತಾರೆ. ಇಂಥವರ ಕೊರಳಿಗೇ ಅದು ಮೀಸಲೆಂದು ಯಾರೂ ಹಟ ಹಿಡಿಯುವುದಿಲ್ಲ. ಕುಮಾರವ್ಯಾಸನ ಭಾರತವೂ ಹಾಗೆಯೇ ಗಮಕಿಯಿಂದ ಗಮಕಿಗೆ ದಾಟುತ್ತ ಬಂದಿದೆ. ಆದರೆ ಪಶ್ಚಿಮದ ರಾಕ್ ಸಂಗೀತದಲ್ಲಿ ಈ ಪ್ರಶ್ನೆ ಎದ್ದಿತು; ಎದ್ದುದಷ್ಟೇ ಅಲ್ಲ, ದೇಶದೇಶಗಳ ಅಭಿಮಾನಿಗಳನ್ನು ಪಕ್ಷಪಕ್ಷವಾಗಿ ಒಡೆಯಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಂಕಿನ್ ಪಾರ್ಕ್ ಎಂಬ ತಂಡ ಏಳು ವರ್ಷಗಳ ಬಳಿಕ ರಂಗಕ್ಕೆ ಮರಳಿದಾಗ ಅಭಿಮಾನಿಗಳು ಆಡಿದ ಮಾತುಗಳನ್ನು ನಾನು ಸಾಹಿತ್ಯದ ಅಧ್ಯಾಪಕನ ಕುತೂಹಲದಿಂದ ಓದಿದೆ. ರಸಿಕನ ಹಕ್ಕು ಎಷ್ಟು, ಕಲಾವಿದನ ಸ್ವಾತಂತ್ರ್ಯ ಎಷ್ಟು ಎಂಬ ನಮ್ಮ ಹಳೆಯ ಚರ್ಚೆಯೇ ಅಲ್ಲಿ ಹೊಸ ವೇಷ ತೊಟ್ಟು ನಿಂತಿತ್ತು.

ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಈ ತಂಡ ಕ್ಯಾಲಿಫೋರ್ನಿಯದಲ್ಲಿ 1996ರಲ್ಲಿ ಹುಟ್ಟಿತು. ಆಗ ಅದರ ಹೆಸರು ಝೀರೋ. 1999ರಲ್ಲಿ ಅರಿಜೋನದ ಚೆಸ್ಟರ್ ಬೆನಿಂಗ್ಟನ್ ಎಂಬ ಗಾಯಕ ಬಂದು ಸೇರಿದ. ಆಮೇಲೆ ಹೆಸರೂ ಬದಲಾಯಿತು, ಹಣೆಬರಹವೂ ಬದಲಾಯಿತು. 2000ದ ಅಕ್ಟೋಬರಿನಲ್ಲಿ ಬಂದ 'ಹೈಬ್ರಿಡ್ ಥಿಯರಿ' ಎಂಬ ಮೊದಲ ಆಲ್ಬಮ್ಮಿಗೆ ಅಮೆರಿಕವೊಂದರಲ್ಲೇ 1 ಕೋಟಿ 20 ಲಕ್ಷ ಪ್ರತಿಗಳ ಪ್ರಮಾಣಪತ್ರ ದೊರೆತಿದೆ. ತಂಡದ ವೈಶಿಷ್ಟ್ಯ ಎರಡು ದನಿಗಳ ಸಂವಾದ. ಮೈಕ್ ಶಿನೋಡ ಲಯಬದ್ಧವಾಗಿ ಮಾತನ್ನು ಉದುರಿಸುತ್ತ ಹೋಗುತ್ತಾನೆ. ಅದರ ಮೇಲೆ ಬೆನಿಂಗ್ಟನ್ನನ ಕೊರಳು ಮೆಲ್ಲಗೆ ಎದ್ದು, ನೋಡನೋಡುತ್ತ ಚೀತ್ಕಾರವಾಗುತ್ತದೆ. ಒಬ್ಬ ವಿವರಿಸುತ್ತಾನೆ, ಇನ್ನೊಬ್ಬ ಉರಿಯುತ್ತಾನೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟವನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದ ಒಂದು ಇಡೀ ಪೀಳಿಗೆಗೆ ಆ ಕೊರಳು ಜತೆಗಾರನಾಗಿತ್ತು. ಆ ಪೀಳಿಗೆಯವರು ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿಯೂ ಇದ್ದರು.

2017ರ ಜುಲೈ 20ರಂದು ಬೆನಿಂಗ್ಟನ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಆಗ ಆತನಿಗೆ 41 ವರ್ಷ. ಅದೇ ಅಕ್ಟೋಬರ್ 27ರಂದು ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಎಂಬ ಬಯಲುರಂಗದಲ್ಲಿ ತಂಡದವರು ಸ್ಮರಣೆಯ ಕಛೇರಿ ನಡೆಸಿದರು. ಅಲ್ಲಿ 'ನಂಬ್' ಎಂಬ ಹಾಡು ಬಂದಾಗ ಹಾಡುಗಾರನ ಸ್ಥಾನದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಬರಿಯ ಮೈಕಿನ ಕಂಬ, ಅದರ ಮೇಲೊಂದು ಬೆಳಕು. ವಾದ್ಯಗಳು ನುಡಿದವು, ಹಾಡಿದವರು ನೆರೆದ ಸಾವಿರಾರು ಜನ. ಮುಂದೆ ನಡೆದ ಎಲ್ಲ ವಾದವಿವಾದಗಳ ಬೀಜ ಆ ಒಂದು ಹಾಡಿನಲ್ಲಿದೆ ಎಂದು ನನ್ನ ಭಾವನೆ.

ಆಮೇಲೆ ಏಳು ವರ್ಷ ಈ ತಂಡ ರಂಗವೇರಲಿಲ್ಲ. 2024ರ ಆಗಸ್ಟ್ ಕೊನೆಗೆ ನೂರು ಗಂಟೆಗಳ ಗಡಿಯಾರವೊಂದನ್ನು ಇಳಿಯೆಣಿಕೆಗೆ ಹಚ್ಚಿದರು. ಸೊನ್ನೆ ಮುಟ್ಟಿದೊಡನೆ ಅದು ಮೇಲೆಣಿಸತೊಡಗಿತು. ಸೆಪ್ಟೆಂಬರ್ 5ರಂದು, ಜಗತ್ತೆಲ್ಲ ನೋಡುವಂತೆ ಪ್ರಸಾರವಾದ ಕಛೇರಿಯಲ್ಲಿ, ಗುಟ್ಟು ಹೊರಬಿತ್ತು. ಮೊದಲು ಹಾಡಿದ್ದು 'ದಿ ಎಂಪ್ಟಿನೆಸ್ ಮಷೀನ್' ಎಂಬ ಹೊಸ ಹಾಡು. ಮೊದಲ ಚರಣವನ್ನು ಶಿನೋಡನೇ ಹಾಡಿದ. ಎರಡನೆಯ ಚರಣಕ್ಕೆ ಹೆಣ್ಣಿನ ಕೊರಳೊಂದು ಕೂಡಿಕೊಂಡಿತು: ಎಮಿಲಿ ಆರ್ಮ್‌ಸ್ಟ್ರಾಂಗ್, 'ಡೆಡ್ ಸಾರಾ' ಎಂಬ ಬೇರೊಂದು ತಂಡದ ಗಾಯಕಿ. ಹಳೆಯ ಡ್ರಮ್ ವಾದಕನ ಬದಲಿಗೆ ಕಾಲಿನ್ ಬ್ರಿಟನ್ ಬಂದಿದ್ದ. ಲಾಸ್ ಏಂಜಲೀಸ್, ನ್ಯೂಯಾರ್ಕ್, ಹ್ಯಾಂಬರ್ಗ್, ಲಂಡನ್, ಸೋಲ್ ನಗರಗಳಲ್ಲಿ ಬೆನ್ನುಬೆನ್ನಿಗೆ ಕಛೇರಿಗಳಾದವು. ನವೆಂಬರ್ 15ರಂದು 'ಫ್ರಮ್ ಝೀರೋ' ಎಂಬ ಆಲ್ಬಮ್ ಹೊರಬಂತು.

ಅಭಿಮಾನಿಗಳ ಪ್ರತಿಕ್ರಿಯೆಯನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಒಂದು, ಮರಳಿ ಸಿಕ್ಕಿತೆಂಬ ಹಿಗ್ಗು. ಕೋಣೆಯಲ್ಲಿ ಒಂಟಿಯಾಗಿ ಕೇಳುವುದೇ ಇನ್ನು ಗತಿಯೆಂದುಕೊಂಡಿದ್ದ ಹಾಡನ್ನು ಸಾವಿರ ಜನರ ನಡುವೆ ನಿಂತು ಮತ್ತೆ ಹಾಡುವ ಭಾಗ್ಯ ಬಂದಿತಲ್ಲ ಎಂಬ ಸಂತೋಷ. ಎರಡು, ನಿಷ್ಠೆ. ಬೆನಿಂಗ್ಟನ್ ಇಲ್ಲದೆ ಈ ಹೆಸರೇ ಇರಕೂಡದು, ಅವನ ಹಾಡಿಗೆ ಇನ್ನೊಬ್ಬರು ಬಾಯಿ ಹಾಕುವುದು ಅಪಚಾರ ಎಂಬ ವಾದ. ಮೂರು, ನೈತಿಕ ಆಕ್ಷೇಪ. ಮುಂದೆ ಅತ್ಯಾಚಾರದ ಅಪರಾಧಿಯೆಂದು ಶಿಕ್ಷೆ ಪಡೆದ ನಟನೊಬ್ಬನಿಗೆ ಬೆಂಬಲವಾಗಿ ಈ ಗಾಯಕಿ ಹಿಂದೊಮ್ಮೆ ನ್ಯಾಯಾಲಯಕ್ಕೆ ಹೋಗಿದ್ದುದು ಚರ್ಚೆಗೆ ಬಂತು. ಅದು ತನ್ನ ತಪ್ಪೆಣಿಕೆ, ಆಮೇಲೆ ಅವನೊಡನೆ ಮಾತೇ ಆಡಿಲ್ಲ ಎಂದು ಆಕೆ ಮರುದಿನವೇ ಹೇಳಿಕೆಯಿತ್ತಳು. ಕೆಲವರಿಗೆ ಅದು ಸಾಕಾಯಿತು, ಕೆಲವರಿಗೆ ಸಾಲಲಿಲ್ಲ. ನೊಂದವರ ದನಿಯೆಂದು ಹೆಸರಾದ ತಂಡಕ್ಕೆ ಈ ಪ್ರಶ್ನೆ ಹಗುರವಲ್ಲ. ಕೇಳಿದವರನ್ನು ಗೊಣಗುವವರೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಅದು ವ್ಯಕ್ತಿಯ ನಡತೆಯ ಪ್ರಶ್ನೆ. ಕಲೆಗೆ ಸಂಬಂಧಿಸಿದ ನಿಜವಾದ ತೊಡಕು ಇರುವುದು ಎರಡನೆಯ ಗುಂಪಿನ ಮಾತಿನಲ್ಲಿ.

ಅವರ ವಾದ ನಾವು ಮೊದಲ ನೋಟಕ್ಕೆ ತಿಳಿಯುವಷ್ಟು ಬಾಲಿಶವಲ್ಲ. ತ್ಯಾಗರಾಜರ ಕೃತಿಗೆ ಸಾಹಿತ್ಯವಿದೆ, ರಾಗವಿದೆ, ಪಾಠಾಂತರವಿದೆ. ಕೊರಳು ಅದಕ್ಕೆ ವಾಹನ ಮಾತ್ರ. ಧ್ವನಿಮುದ್ರಣದ ಯುಗದಲ್ಲಿ ಹುಟ್ಟಿದ ರಾಕ್ ಹಾಡಿಗಾದರೋ ಕೊರಳೇ ಕೃತಿಯ ಒಂದು ಅಂಗ. ಬೆನಿಂಗ್ಟನ್ನನ ದನಿ ಒಡೆಯುವ ಆ ಎಡೆಯನ್ನು ಯಾವ ಸ್ವರಲಿಪಿಯೂ ಬರೆದಿಡಲಾರದು. ಕೇಳುವವನ ನೆನಪಿನಲ್ಲಿ ಹಾಡು ಮತ್ತು ಆ ಒಡಕು ಬೇರೆಬೇರೆಯಾಗಿ ಉಳಿದಿಲ್ಲ. ಆದ್ದರಿಂದ ಇನ್ನೊಬ್ಬರು ಹಾಡಿದಾಗ 'ಇದು ಅದಲ್ಲ' ಎಂದು ಅವನು ಹೇಳಿದರೆ ಅದು ಸರಿಯಾದ ಶ್ರವಣವೇ ಹೊರತು ಹಟವಲ್ಲ.

ಆದರೆ 'ಇದು ಅದಲ್ಲ' ಎಂಬುದರಿಂದ 'ಇದು ಕೂಡದು' ಎಂಬುದಕ್ಕೆ ನೆಗೆಯುವಲ್ಲಿ ವಾದ ಕುಂಟುತ್ತದೆ. ರಾಕ್ ಸಂಗೀತದ ಚರಿತ್ರೆಯಲ್ಲಿ ಈ ಸಂಕಟ ಹೊಸದಲ್ಲ. ಎಸಿ/ಡಿಸಿ ತಂಡದ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ; ಜುಲೈಯಲ್ಲೇ ಬ್ರಯನ್ ಜಾನ್ಸನ್ ಹಾಡಿದ ಹೊಸ ಆಲ್ಬಮ್ ಬಂತು. ಹೊದಿಕೆ ಪೂರಾ ಕಪ್ಪು, ಅದೇ ಅವರ ಶೋಕಪತ್ರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೆಡ್ ಝೆಪ್ಪೆಲಿನ್ ತಂಡದ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡ. ಅವರು ತಂಡವನ್ನೇ ಮುಚ್ಚಿದರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಅವನ ಮಗನನ್ನೇ ಡ್ರಮ್ಮಿಗೆ ಕೂರಿಸಿಕೊಂಡು ಒಂದು ಪೂರ್ಣ ಕಛೇರಿ ಮಾಡಿದರು. ಅದರಿಂದ ಪ್ರವಾಸವೇನೂ ಹುಟ್ಟಲಿಲ್ಲ. ಕ್ವೀನ್ ತಂಡದ ಉಳಿದವರು ಹೊಸ ಗಾಯಕನೊಡನೆ ಹೊರಟಾಗ ತಂಡದ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಬರೆದರು: ಕ್ವೀನ್ ಮತ್ತು ಆಡಂ ಲ್ಯಾಂಬರ್ಟ್. ಫ್ರೆಡ್ಡಿ ಮರ್ಕ್ಯುರಿಯ ಪೀಠ ಖಾಲಿಯೇ ಇದೆ, ಇವನು ಅತಿಥಿ ಎಂದು ಆ ಒಂದು 'ಮತ್ತು' ಹೇಳುತ್ತದೆ. ಮೂರು ದಾರಿಗಳಲ್ಲಿ ಇದೇ ಸರಿ ಎಂದು ಯಾವ ಲಕ್ಷಣಗ್ರಂಥವೂ ವಿಧಿಸಲಾರದು. ಕ್ಷೇಮೇಂದ್ರ ಹೇಳುವ ಔಚಿತ್ಯ ಸಂದರ್ಭ ನೋಡಿ ನಿರ್ಣಯವಾಗತಕ್ಕದ್ದು.

ಲಿಂಕಿನ್ ಪಾರ್ಕಿನ ಸಂದರ್ಭದಲ್ಲಿ ಔಚಿತ್ಯ ಕೆಡುವುದೆಲ್ಲಿ? ನನಗೆ ಕಾಣುವ ಮಟ್ಟಿಗೆ ಹೆಸರಿನಲ್ಲಿ. 'ಫ್ರಮ್ ಝೀರೋ' ಎಂದರೆ ಸೊನ್ನೆಯಿಂದ ಎಂದು ಅರ್ಥ. ಎಲ್ಲ ಕಳೆದುಕೊಂಡವರು ಮೊದಲಿನಿಂದ ಆರಂಭಿಸುವ ವಿನಯ ಅದರಲ್ಲಿದೆ. ಆದರೆ ಝೀರೋ ತಂಡದ ಮೊದಲ ಹೆಸರೂ ಹೌದು, ಬೆನಿಂಗ್ಟನ್ ಬರುವ ಮೊದಲಿನ ಹೆಸರು. ಅವನು ಇಲ್ಲದಿದ್ದ ಕಾಲಕ್ಕೆ ತಂಡ ಮರಳುತ್ತಿದೆ ಎಂದು ನೊಂದ ಅಭಿಮಾನಿಗೆ ತೋರಿದರೆ ಅದು ಅವನ ದೋಷವಲ್ಲ. ಶ್ಲೇಷೆಯ ಎರಡನೆಯ ಅಲಗೂ ಹರಿತವೇ. ಹಾಗೆ ನೋಡಿದರೆ ಲಿಂಕಿನ್ ಪಾರ್ಕ್ ಎಂಬ ಹೆಸರು ಅವನು ಬಂದಮೇಲೆ ಇಟ್ಟದ್ದು. ಹೊಸ ತಂಡಕ್ಕೆ ಕ್ವೀನ್‌ನವರ ಹಾಗೆ ಒಂದು 'ಮತ್ತು' ಸೇರಿಸಿದ್ದರೆ ಅರ್ಧ ಕೋಪ ಇಳಿದುಹೋಗುತ್ತಿತ್ತು.

ನಿಷ್ಠೆಯ ಪಕ್ಷದವರಿಗೂ ಒಂದು ಮಾತು ಕೇಳಬೇಕು. ಅವರು ಕಾಯುತ್ತಿರುವುದು ಯಾರನ್ನು? 2017ರ ಮೇ ತಿಂಗಳಲ್ಲಿ, ಬೆನಿಂಗ್ಟನ್ ಬದುಕಿದ್ದಾಗಲೇ, 'ಒನ್ ಮೋರ್ ಲೈಟ್' ಎಂಬ ಮೆಲುದನಿಯ ಆಲ್ಬಮ್ ಬಂತು. ಇದು ನಮ್ಮ ತಂಡವಲ್ಲ, ಹಳೆಯ ಆವೇಶ ಎಲ್ಲಿ ಎಂದು ಅಭಿಮಾನಿಗಳಲ್ಲಿ ಅನೇಕರು ಕಟುವಾಗಿ ಜರೆದರು. ಅಂದು ಬದಲಾದ ಬೆನಿಂಗ್ಟನ್ನನನ್ನೇ ಒಪ್ಪದವರು ಇಂದು ಬದಲಿ ಗಾಯಕಿಯನ್ನು ಒಪ್ಪದಿದ್ದರೆ ಆಶ್ಚರ್ಯವೇನು? ಅವರ ನಿಷ್ಠೆ ಗಾಯಕನಿಗಿಂತ ಹೆಚ್ಚಾಗಿ ತಮ್ಮ ಹದಿನೆಂಟನೆಯ ವಯಸ್ಸಿಗೆ. ಅದು ಮನುಷ್ಯಸಹಜ, ನಾವೂ ಕಂಪನಿ ನಾಟಕಗಳ ಮಾತೆತ್ತಿದಾಗ ಹಾಗೆಯೇ ನಿಟ್ಟುಸಿರುಬಿಡುತ್ತೇವೆ. ಆದರೆ ಅದನ್ನು ವಿಮರ್ಶೆಯೆಂದು ಕರೆಯಲಾಗದು.

ಇನ್ನೂ ಒಂದು ಸೂಕ್ಷ್ಮವಿದೆ. ಬೆನಿಂಗ್ಟನ್ನನ ಸಾವಿನ ಬಳಿಕ ಅವನ ಹಾಡುಗಳನ್ನೆಲ್ಲ ಅಭಿಮಾನಿಗಳು ಸಾವಿನ ಮುನ್ಸೂಚನೆಯಾಗಿ ಓದತೊಡಗಿದರು. ಇಗೋ ಈ ಸಾಲಿನಲ್ಲಿ ಹೇಳಿದ್ದ, ಅಗೋ ಆ ಸಾಲಿನಲ್ಲಿ ಅತ್ತಿದ್ದ ಎಂದು ಬೆರಳಿಟ್ಟು ತೋರಿಸಿದರು. ಕವಿಯ ಬಾಳನ್ನೇ ಕಾವ್ಯವೆಂದು ತಿಳಿಯುವ ಈ ಅಭ್ಯಾಸ ನಮ್ಮ ವಿಮರ್ಶೆಗೂ ಅಂಟಿದ ಜಾಡ್ಯ. ಭಟ್ಟನಾಯಕ ಸಾಧಾರಣೀಕರಣದ ಮಾತಾಡಿದ್ದು ಇದನ್ನು ತಪ್ಪಿಸಲಿಕ್ಕೇ. ರಂಗದ ಮೇಲಿನ ಶೋಕ ಇಂಥವನ ಖಾಸಗಿ ಶೋಕವಾಗಿ ಉಳಿದರೆ ಸಹೃದಯನಿಗೆ ಮರುಕವಾದೀತು, ರಸಾನುಭವವಾಗದು. ಈ ತಂಡದ ಹೆಚ್ಚಿನ ಹಾಡುಗಳಿಗೆ ಕರ್ತೃವೆಂದು ಮುದ್ರಿತವಾದದ್ದು ಇಡೀ ತಂಡದ ಹೆಸರು. ಆ ಹಾಡುಗಳ 'ನಾನು' ಒಬ್ಬನ 'ನಾನು' ಮೊದಲಿನಿಂದಲೂ ಆಗಿರಲಿಲ್ಲ. ಏಳು ವರ್ಷ ಮರಣಪತ್ರದಂತೆ ಓದಿಸಿಕೊಂಡ ಹಾಡು ಇನ್ನೊಂದು ಕೊರಳಿಗೆ ಬಂದಾಗ ಮತ್ತೆ ಹಾಡಾಗುತ್ತದೆ. ಪುನರಾಗಮನದ ದೊಡ್ಡ ಬೆಲೆ ಇದು. ಸಂತೋಷಪಟ್ಟ ಅಭಿಮಾನಿಗಳು ಇದನ್ನು ತರ್ಕದಿಂದ ಹೇಳಲಿಲ್ಲ, ಹಾಡಿಯೇ ಹೇಳಿದರು.

ಹಾಡಿಕೆಯ ಗುಣ ಹೇಗೆ ಎಂದರೆ, ಎರಡು ತೆರ. ಹೊಸ ಹಾಡುಗಳಲ್ಲಿ ಈಕೆ ಸ್ವತಂತ್ರಳು. ಒರಟು ಅಂಚಿನ ಆ ಕೊರಳಿಗೆ ತಕ್ಕ ಅಳತೆಯಲ್ಲೇ ಅವು ಹೊಲಿದಿವೆ. ಹಳೆಯ ಹಾಡುಗಳಲ್ಲಿ, ಬೆನಿಂಗ್ಟನ್ ಕೂಗಿದ ಎಡೆಯಲ್ಲೇ ಅಷ್ಟೇ ಎತ್ತರಕ್ಕೆ ಕೂಗಹೊರಟಾಗ ಹೋಲಿಕೆ ಎದ್ದು ಆಕೆಯನ್ನು ಕುಗ್ಗಿಸುತ್ತದೆ. ಸಾಲನ್ನು ಜನರ ಬಾಯಿಗೆ ಬಿಟ್ಟು ತಾನು ಹಿಂದೆ ಸರಿದಾಗ ಹಾಡು ಬೆಳೆಯುತ್ತದೆ. ಹಾಲಿವುಡ್ ಬೌಲ್‌ನ ಆ ರಾತ್ರಿ ಖಾಲಿ ಮೈಕಿಗೆ ಉತ್ತರ ಕೊಟ್ಟವರು ಈ ಜನರೇ. ಅಂದೇ ಹಾಡು ಕೈಬದಲಾಗಿತ್ತು. 2024ರಲ್ಲಿ ಗಾಯಕಿ ಅದನ್ನು ಪಡೆದದ್ದು ಸತ್ತವನಿಂದಲ್ಲ, ಕೇಳುಗರಿಂದ.

ಒಂದೇ ಒಂದು ಪ್ರತಿಕ್ರಿಯೆಯ ಮುಂದೆ ಮಾತ್ರ ವಿಮರ್ಶಕ ಬಾಯಿ ಮುಚ್ಚಬೇಕು. ಬೆನಿಂಗ್ಟನ್ನನ ಮಗನೊಬ್ಬ ಈ ಏರ್ಪಾಟನ್ನು ಬಹಿರಂಗವಾಗಿ ಖಂಡಿಸಿದ. ಅಭಿಮಾನಿ ಕಳೆದುಕೊಂಡದ್ದು ದನಿಯನ್ನು, ಅವನು ಕಳೆದುಕೊಂಡದ್ದು ತಂದೆಯನ್ನು. ಸಾಧಾರಣೀಕರಣದ ತತ್ತ್ವವನ್ನು ಅವನ ಮನೆಬಾಗಿಲಿಗೆ ಹೊತ್ತುಕೊಂಡು ಹೋಗುವುದು ಅವಿವೇಕ. ಕಲೆ ಎಲ್ಲರದಾಗಬಹುದು, ದುಃಖ ಹಾಗೆ ಆಗಬೇಕಿಲ್ಲ. ಅವನ ಆಕ್ಷೇಪಣೆಯನ್ನು ಗೌರವಿಸಿಯೂ ಹಾಡನ್ನು ಹಾಡಬಹುದು. ಅದನ್ನು ಗೇಲಿ ಮಾಡಿ ಹಾಡಲಾಗದು.

ಉಳಿದ ಅಭಿಮಾನಿಗಳಿಗೆ ನನ್ನ ಅರಿಕೆ ಇಷ್ಟು. ಹಳೆಯ ಮುದ್ರಣಗಳನ್ನು ಯಾರೂ ಕಿತ್ತುಕೊಂಡಿಲ್ಲ. ಬೆನಿಂಗ್ಟನ್ ಅಲ್ಲಿ ತನ್ನ ಪೂರ್ಣಶಕ್ತಿಯಲ್ಲಿ ಇದ್ದಾನೆ, ಯಾವ ಗಾಯಕಿಯೂ ಅವನ ಒಂದು ಸ್ವರವನ್ನು ಅಳಿಸಲಾರಳು. ಮುದ್ರಣ ಇರುವುದು ನೆನಪಿಗೆ. ಕಛೇರಿ ನಡೆಯುವುದು ಬದುಕಿರುವವರಿಗಾಗಿ, ಬದುಕಿರುವವರಿಂದ. ಅಲ್ಲಿಗೆ ಹೋಗಲು ಮನಸ್ಸಿಲ್ಲದವನು ಮನೆಯಲ್ಲಿ ಕೂತು ಹಳೆಯದನ್ನು ಕೇಳಿದರೆ ಅದೂ ರಸಿಕತೆಯೇ. ಹೋಗುವವನ ದಾರಿಗೆ ಅಡ್ಡ ಮಲಗಿದರೆ ಮಾತ್ರ ಅಲ್ಲ.